ದೇವಿ ಹಾಕುವ ಕಾಶಪ್ಪನ ಫಟಫಟಿ

ಹುನಗುಂದ
18 ಜೂನ್ 1979

ಅಣ್ಣಾ,

ಅವ್ವ ಅಪ್ಪನ ಫಟಫಟಿಯನ್ನು ರಿಪೇರಿ ಮಾಡಿಸಬೇಕು ಅನ್ನುತ್ತಿದ್ದಾಳೆ. ಇದನ್ನು ಪತ್ರದ ಕೊನೆಯಲ್ಲಿ ಹೇಗಾದರೂ ಸೇರಿಸೋಣ ಎಂದು ಎರಡು ಹಾಳೆ ಕೆಡಿಸಿದೆ. ಈಗ ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ, ನೀನು ಸಿಟ್ಟಾಗುವುದಿದ್ದರೆ ಇಲ್ಲೇ ಆಗಿಬಿಡು.

ನೀನು ಅದನ್ನು ಐಹೊಳೆಯ ಹೊಳೆ ದಂಡೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಹಿತ್ತಲ ತಗಡಿನ ಚಪ್ಪರದಲ್ಲಿ ನಿಲ್ಲಿಸಿದ ಮೇಲೆ ಯಾರೂ ಮುಟ್ಟಿಲ್ಲ. ಹನ್ನೆರಡು ವರ್ಷ ಅದರ ಮೇಲೆ ಗೋಣಿಚೀಲ, ಚೀಲದ ಮೇಲೆ ಸಗಣಿ ಕುಳ್ಳು, ಕುಳ್ಳಿನ ಮೇಲೆ ಪಕ್ಕದ ಮನೆಯ ಲಾಡಬಿ ಚಾಚಿಯ ಕೋಳಿ. ನಿನ್ನೆ ಅವ್ವ ತಾನೇ ಕುಳ್ಳು ಇಳಿಸಿದಳು. ಪೆಟ್ರೋಲ್ ಟಾಕಿಯ ಹಸಿರು ಬಣ್ಣ ಸೀಟಿನ ಹತ್ತಿರ ಮಾತ್ರ ಉಳಿದಿದೆ. ಸೀಟಿನ ಚರ್ಮ ಒಣರೊಟ್ಟಿಯಂತೆ ಸೆಟೆದಿದೆ. ಮಿಲಿಟರಿಯವರು ಮಾರಿದ ಆ ಬಿ.ಎಸ್.ಎ. ಗಾಡಿ ನನ್ನ ನೆನಪಿನಲ್ಲಿ ಆನೆಯಷ್ಟು ದೊಡ್ಡದಿತ್ತು. ಈಗ ನೋಡಿದರೆ ನನ್ನ ಸೊಂಟದೆತ್ತರ.

ಇಳಕಲ್ಲಿನಿಂದ ಗ್ಯಾರೇಜಿನ ಪಾಂಡಪ್ಪ ಬಂದು ನೋಡಿದ. ಬಿಚ್ಚಿ ಒಯ್ಯುತ್ತೇನೆ ಅಂದ. ಅವ್ವ ಬಿಡಲಿಲ್ಲ. ಗಾಡಿ ತಾನಾಗಿ ಚಾಲೂ ಆಗಿ ಹೊಸ್ತಿಲು ದಾಟಬೇಕು, ಯಾರೂ ಹೊತ್ತು ಒಯ್ಯಬಾರದು ಎಂದಳು. ಅವನು ನನ್ನ ಮುಖ ನೋಡಿದ. ನಾನು ಎಂದಿನಂತೆ ನೆಲ ನೋಡಿದೆ.

ಕಾರಣ ಹೇಳುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಅವ್ವನಿಗೆ ಹಿತ್ತಲಿನಿಂದ ಕಿಕ್ ಹೊಡೆಯುವ ಸಪ್ಪಳ ಕೇಳುತ್ತದಂತೆ. ಯಾರೋ ಒದೆಯುತ್ತಾರೆ, ಸುಮ್ಮನಾಗುತ್ತಾರೆ, ಮತ್ತೆ ಒದೆಯುತ್ತಾರೆ. ಮೊದಮೊದಲು ಆಗೊಮ್ಮೆ ಈಗೊಮ್ಮೆ, ಈಗ ದಿನಾಲೂ. ಮೊನ್ನೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, "ಇನ್ನೂ ಹತ್ತವಲ್ದು ನೋಡು, ಪಾಪ," ಅಂದಳು. ಯಾರಿಗೆ ಅಂದಳೆಂದು ನಾನು ಕೇಳಲಿಲ್ಲ. ನನಗೆ ಕೇಳಿದ್ದು ಕೋಳಿಯ ರೆಕ್ಕೆ ಸಪ್ಪಳ ಮಾತ್ರ.

ಅವಳು ಇನ್ನೂ ಅಪ್ಪನ ದಾರಿ ಕಾಯುತ್ತಿದ್ದಾಳೆ ಅನಿಸುತ್ತದೆ ಅಣ್ಣಾ. ಮಣ್ಣು ಮಾಡುವಾಗ ಅವಳೂ ಅಲ್ಲೇ ನಿಂತಿದ್ದಳಲ್ಲ, ಆದರೂ. ನಾನು ಬಿ.ಎ.ಯಲ್ಲಿ ಸಾಹಿತ್ಯ ಓದಿದವಳು, ನಟ್ಟು ಬಿಚ್ಚುವ ಪಾನಾ ಯಾವ ಕಡೆ ತಿರುಗಿಸಬೇಕು ಎಂಬುದೂ ಗೊತ್ತಿಲ್ಲ. ನೀನು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಬಂದು ಹೋಗು ಎಂದು ಕೇಳುವುದಿಲ್ಲ, ಆ ಮಾತು ಹಿಂದೆಯೇ ಆಗಿದೆ. ಬರೆದಾದರೂ ಹೇಳಿಕೊಡು.

ನಿನ್ನ ತಂಗಿ
ಬನಶಂಕರಿ


ಹುಬ್ಬಳ್ಳಿ
2 ಜುಲೈ 1979

ಬನೂ,

ಅದನ್ನು ಗುಜರಿಗೆ ಹಾಕಿಬಿಡಿ. ಅವ್ವನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗಿ ಕಿವಿ ತೋರಿಸು. ಸತ್ತವರು ಕಿಕ್ ಹೊಡೆಯುವುದಿಲ್ಲ. ಬದುಕಿದ್ದಾಗಲೂ ಆ ಮನುಷ್ಯ ಗಾಡಿಗೆ ಕೊಟ್ಟಷ್ಟು ಮಾತನ್ನು ನಮಗೆ ಕೊಡಲಿಲ್ಲ.

ನನಗೆ ಇಲ್ಲಿ ಎರಡು ಪಾಳಿ ಕೆಲಸ. ರಜೆ ಸಿಗುವುದಿಲ್ಲ.

ಅಮಾತೆಪ್ಪ

ಇದನ್ನು ಅಂಚೆಗೆ ಹಾಕದೆ ಒಂದು ದಿನ ಇಟ್ಟುಕೊಂಡಿದ್ದೆ, ಆದ್ದರಿಂದ ಇಷ್ಟು ಕೂಡಿಸುತ್ತೇನೆ. ಕಿಕ್ ಕೆಳಗೆ ಇಳಿಯದಿದ್ದರೆ ಪಿಸ್ಟನ್ ಹಿಡಿದುಕೊಂಡಿದೆ ಎಂದರ್ಥ. ಪ್ಲಗ್ ಬಿಚ್ಚು. ಎಡಕ್ಕೆ ತಿರುಗಿಸಬೇಕು. ಆ ತೂತಿನಲ್ಲಿ ಚಿಮಣಿ ಎಣ್ಣೆ, ಔಡಲೆಣ್ಣೆ ಅರ್ಧರ್ಧ ಸುರಿದು ಒಂದು ವಾರ ಬಿಡು. ಆಮೇಲೆ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಹಿಂದೆ ಮುಂದೆ ಅಲ್ಲಾಡಿಸು. ಬಡಿಯಬೇಡ. ಬಡಿದರೆ ಒಳಗೆ ಮುರಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ.


ಹುನಗುಂದ
5 ಆಗಸ್ಟ್ 1979

ಅಣ್ಣಾ,

ಗಾಲಿ ಅಲ್ಲಾಡಿತು. ಎಣ್ಣೆ ಹಾಕಿ ಒಂದಲ್ಲ, ಮೂರು ವಾರ ಕಾಯಬೇಕಾಯಿತು. ಪ್ರತಿದಿನ ಸಂಜೆ ಹೋಗಿ ಅಲ್ಲಾಡಿಸುತ್ತಿದ್ದೆ, ಗೋಡೆ ಅಲ್ಲಾಡಿಸಿದ ಹಾಗೆ. ನಿನ್ನೆ ಒಳಗಿನಿಂದ ನಿಟ್ಟುಸಿರಿನಂಥ ಒಂದು ಸಪ್ಪಳ ಬಂತು, ಗಾಲಿ ಒಂದು ಬೆರಳಿನಷ್ಟು ಸರಿಯಿತು. ನಾನು ಕೈಬಿಟ್ಟು ಹಿಂದೆ ಸರಿದೆ. ಅವ್ವ ಸರಿಯಲಿಲ್ಲ.

ಅವಳು ದಿನಾ ಬಾವಿಯ ಕಟ್ಟೆಯ ಮೇಲೆ ಕೂತು ನೋಡುತ್ತಾಳೆ. ಏನನ್ನೂ ಮುಟ್ಟುವುದಿಲ್ಲ, ಕೇಳುವುದಿಲ್ಲ. ನಾನು ಬಿಚ್ಚಿದ ನಟ್ಟನ್ನು ಎಲ್ಲಿಟ್ಟೆ ಎಂದು ಹುಡುಕಿದರೆ ಮಾತ್ರ ಗದ್ದದಿಂದ ತೋರಿಸುತ್ತಾಳೆ. ಟಾಕಿಯ ತುಕ್ಕಿಗೆ ಪಾಂಡಪ್ಪ ಮರಳು ಹಾಕು ಎಂದಿದ್ದ. ಇಲ್ಲಿ ಮರಳಿಗಿಂತ ಇಳಕಲ್ಲಿನ ಕೆಂಪು ಕಲ್ಲಿನ ಚೂರು ಸುಲಭ. ಅದನ್ನೇ ಚಿಮಣಿ ಎಣ್ಣೆಯೊಂದಿಗೆ ಒಳಗೆ ಹಾಕಿ ಮಗುವನ್ನು ಕಾಲ ಮೇಲೆ ತೂಗಿದ ಹಾಗೆ ತೂಗಿದೆ. ಹೊರಗಿನ ತುಕ್ಕಿಗೆ ತಾಮ್ರದ ಕೊಡ ತಿಕ್ಕುವ ಹುಣಸೆಹುಳಿ. ಲಾಡಬಿ ಚಾಚಿ ಬೇಲಿಯಿಂದ ಇಣುಕಿ, "ಬಿ.ಎ. ಪಾಸಾದ್ರ ಕಲೆಕ್ಟರ್ ಆಗ್ತಾಳ ಅಂದಿದ್ರು, ಇಕಿ ಕಲಾಯಿ ಹಾಕಾಕ ಕುಂತಾಳ," ಅಂದಳು. ಅವ್ವ ನಕ್ಕಳು. ಅವಳು ನಕ್ಕಿದ್ದನ್ನು ನಿನಗೆ ಬರೆಯಬೇಕು ಅನಿಸಿತು.

ಗಾಡಿಯ ಹತ್ತಿರ ಕೂತರೆ ಅಪ್ಪನ ಮುಖ ನೆನಪಾಗುವುದಿಲ್ಲ, ವಾಸನೆ ನೆನಪಾಗುತ್ತದೆ. ಸ್ಪಿರಿಟ್ಟಿನ ವಾಸನೆ. ಮೈಲಿಬೇನೆ ಬಾರದಂತೆ ಹಳ್ಳಿಹಳ್ಳಿಗೆ ಹೋಗಿ ಮಕ್ಕಳ ತೋಳಿಗೆ ಚುಚ್ಚುವುದು ಅವನ ಕೆಲಸ ಎಂದು ನನಗೆ ತಿಳಿದದ್ದೇ ತಡವಾಗಿ. ನಮ್ಮ ಮನೆಗೆ ಯಾಕೆ ಯಾವ ಹುಡುಗಿಯೂ ಆಡಲು ಬರುವುದಿಲ್ಲ ಎಂದು ಸಾಲಿಯಲ್ಲಿ ಅಳುತ್ತಿದ್ದೆ. ಗಾಡಿಯ ಸಪ್ಪಳ ಕೇಳಿದರೆ ಅವರೆಲ್ಲ ಕಣಜದ ಹಿಂದೆ ಅಡಗುತ್ತಿದ್ದರಂತೆ, ದೇವಿ ಹಾಕೊ ಕಾಶಪ್ಪ ಬಂದ ಅಂತ.

ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಎಂಬುದನ್ನು ಮುಟ್ಟಲು ಧೈರ್ಯವಾಗುತ್ತಿಲ್ಲ. ಪಾಂಡಪ್ಪನ ಅಳಿಯ ಹುಬ್ಬಳ್ಳಿಗೆ ಬರುತ್ತಾನೆ. ಕಳಿಸಲೇ?

ಬನಶಂಕರಿ


ಹುಬ್ಬಳ್ಳಿ
9 ಸೆಪ್ಟೆಂಬರ್ 1979

ಬನೂ,

ಮ್ಯಾಗ್ನೆಟೊ ಬಂದು ಮುಟ್ಟಿತು. ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಕಳಿಸಿದ್ದೀ. ವರ್ಕ್‌ಶಾಪಿನಲ್ಲಿ ಎಲ್ಲರ ಮುಂದೆ ಬಿಚ್ಚಿದೆ. ಕೆಂಪು ಸೆರಗಿನ ತುಂಡು ನೋಡಿ ನಮ್ಮ ಮೇಸ್ತ್ರಿ, ಊರಿಂದ ಹೆಣ್ಣು ನೋಡಿ ಕಳಿಸಿದಾರೇನೋ ಅಂದ.

ಒಳಗಿನ ಸುರುಳಿ ಸುಟ್ಟಿರಲಿಲ್ಲ, ಹಸಿ ಹಿಡಿದಿತ್ತು. ಬಾಯ್ಲರ್ ಹತ್ತಿರ ಇಟ್ಟು ಒಣಗಿಸಿ ಕಂಡೆನ್ಸರ್ ಬದಲಿಸಿದೆ. ಕೈಯಿಂದ ತಿರುಗಿಸಿ ನೋಡಿದಾಗ ಮೊಣಕೈವರೆಗೆ ಶಾಕ್ ಹೊಡೆಯಿತು. ಮಿಕ್ಕವರು ಊಟಕ್ಕೆ ಹೋಗಿದ್ದರು. ಮತ್ತೆ ತಿರುಗಿಸಿದೆ, ಮತ್ತೆ ಹೊಡೆಯಿತು. ಯಾಕೆ ಹಾಗೆ ಮಾಡುತ್ತಾ ಕೂತೆನೋ ಗೊತ್ತಿಲ್ಲ.

ಕೂಡಿಸುವುದನ್ನು ಪಾಂಡಪ್ಪ ಮನೆಗೆ ಬಂದು ಮಾಡಲಿ, ಅದಕ್ಕೆ ಅವ್ವ ಒಪ್ಪಬೇಕು. ಚಾಲೂ ಮಾಡುವುದು ಹೀಗೆ. ಟಾಕಿಯ ಕೆಳಗಿನ ಪೆಟ್ರೋಲಿನ ಕೀಲಿ ತೆರೆ. ಕಾರ್ಬುರೇಟರ್ ಮೇಲಿನ ಗುಂಡಿಯನ್ನು ಪೆಟ್ರೋಲು ಒಸರುವವರೆಗೆ ಒತ್ತು. ಎಡಗೈ ಹಿಡಿಯ ಹತ್ತಿರ ಒಂದು ಸಣ್ಣ ಲಿವರ್ ಇದೆ, ಅದನ್ನು ಒತ್ತಿಕೊಂಡು ಕಿಕ್ಕನ್ನು ನಿಧಾನಕ್ಕೆ ಇಳಿಸು. ಲಿವರ್ ಬಿಡು. ಆಮೇಲೆ ಮೈಯ ಪೂರ್ತಿ ಭಾರ ಹಾಕು. ಸಿಟ್ಟಿನಿಂದ ಒದೆಯಬಾರದು, ತಿರುಗಿ ಒದೆಯುತ್ತದೆ. ಇದನ್ನು ನನಗೆ ಹೇಳಿಕೊಟ್ಟಾಗ ನಾನು ಹದಿನಾರರವನು. ಮೀನಗಂಡಕ್ಕೆ ಬಾವು ಬಂದು ಒಂದು ವಾರ ಕುಂಟಿದ್ದೆ. ಆತ ನಗಲಿಲ್ಲ, ಸ್ಪಿರಿಟ್ ಹಚ್ಚಿದ.

ಸೀರೆಯ ತುಂಡನ್ನು ನಾನೇ ಇಟ್ಟುಕೊಂಡಿದ್ದೇನೆ.

ಅಮಾತೆಪ್ಪ


ಹುನಗುಂದ
21 ಅಕ್ಟೋಬರ್ 1979

ಅಣ್ಣಾ,

ಇವತ್ತು ದೀಪಾವಳಿ ಅಮಾವಾಸ್ಯೆ. ಆಯುಧ ಪೂಜೆಯ ದಿನ ಗಾಡಿ ಚಾಲೂ ಆಯಿತು. ಪತ್ರ ಬರೆಯಲು ಇಷ್ಟು ದಿನ ಯಾಕೆ ತೆಗೆದುಕೊಂಡೆ ಎಂಬುದು ಓದಿದರೆ ತಿಳಿಯುತ್ತದೆ.

ಪಾಂಡಪ್ಪ ಮ್ಯಾಗ್ನೆಟೊ ಕೂಡಿಸಿ ಹೋದ. ಕಿಕ್ಕನ್ನು ಮಾತ್ರ ನೀನೇ ಹೊಡೆ ಎಂದು ಅವ್ವ ನನಗೆ ಹೇಳಿದಳು. ನೆರಿಗೆ ಸಿಕ್ಕಿಸಿ, ನೀನು ಬರೆದ ಹಾಗೆ ಲಿವರ್ ಒತ್ತಿ, ಬಿಟ್ಟು, ಭಾರ ಹಾಕಿದೆ. ಬಹಳ ಸಲ ಆಗಲಿಲ್ಲ. ಒಮ್ಮೆ ತಿರುಗಿ ಒದೆಯಿತು, ನಾನು ಸಿಟ್ಟಾಗಿರಬೇಕು. ಆಮೇಲೆ ಇದ್ದಕ್ಕಿದ್ದಂತೆ ಹತ್ತಿತು. ಡಬ್, ಡಬ್, ಡಬ್. ತಗಡು ನಡುಗಿತು. ಹೊಗೆಯಲ್ಲಿ ನನ್ನ ಕೈ ನನಗೆ ಕಾಣಲಿಲ್ಲ.

ಬೇಲಿಯಾಚೆ ಲಾಡಬಿ ಚಾಚಿಯ ಮಗಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಸಪ್ಪಳ ಕೇಳಿದ್ದೇ ತಡ ತನ್ನ ಎಡತೋಳನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಸಂದಿಯಿಂದ ಓಣಿ ನೋಡಿದೆ. ನೀರು ತರುತ್ತಿದ್ದ ಹೆಂಗಸು, ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಗಂಡಸು, ಎಲ್ಲರ ಕೈಯೂ ಎಡತೋಳಿನ ಮೇಲೆ. ತಾವು ಹಿಡಿದುಕೊಂಡಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ. ಊರು ನೆನಪಿಟ್ಟುಕೊಂಡಿದ್ದು ಅಪ್ಪನನ್ನೋ ಆ ಸೂಜಿಯನ್ನೋ, ನಾನು ಹೇಳಲಾರೆ.

ಅವ್ವ ಹಿತ್ತಲಿನಲ್ಲಿ ಇರಲಿಲ್ಲ. ಹೋಗಿ ನೋಡಿದರೆ ಬೀದಿಬಾಗಿಲಿನ ಎರಡೂ ಕದ ತೆರೆದು ತಾನು ಗೋಡೆಗೆ ಒತ್ತಿ ನಿಂತಿದ್ದಳು, ಯಾರಿಗೋ ದಾರಿ ಬಿಟ್ಟ ಹಾಗೆ. ಒಳಗೆ ಬರುವವರಿಗೆ ತೆರೆದಿದ್ದಾಳೆ ಎಂದುಕೊಂಡೆ. ಹೋಗಿ ಗಾಡಿ ನಿಲ್ಲಿಸಿದೆ.

ಇಷ್ಟಾದ ಮೇಲೆ ಸಪ್ಪಳ ನಿಲ್ಲುತ್ತದೆ ಎಂದು ನಂಬಿದ್ದೆ. ಮರುದಿನ ಸಂಜೆಯೇ ಅವ್ವ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಕೂತಳು. ಇನ್ನೂ ಒದೆಯಾಕತ್ತಾರ ಅಂದಳು. ನಾವು ಎಲ್ಲ ಮಾಡಿಲ್ಲವಂತೆ. ಮುಂದಿನ ಲೈಟು ಉರಿಯಬೇಕಂತೆ, ಕತ್ತಲಲ್ಲಿ ದಾರಿ ಕಾಣುವುದು ಹೇಗೆ ಅನ್ನುತ್ತಾಳೆ. ಆ ಲೈಟು ಅಪ್ಪನ ಕಾಲಕ್ಕೂ ಉರಿದದ್ದನ್ನು ನಾನು ನೋಡಿಲ್ಲ. ನೋಡಿದ್ದೀಯಾ?

ಬನಶಂಕರಿ


ಹುನಗುಂದ
14 ನವೆಂಬರ್ 1979

ಅಣ್ಣಾ,

ಇದನ್ನು ಒಬ್ಬನೇ ಇದ್ದಾಗ ಓದು.

ಮುಂದಿನ ದೀಪದ ಗಾಜು ಬಿಚ್ಚಿದೆ. ಬಲ್ಬು ಇರಲಿಲ್ಲ. ಹಿಂದಿನ ಟೊಳ್ಳಿನಲ್ಲಿ ಬಿಳಿ ಬಟ್ಟೆಯ ಗಂಟಿತ್ತು. ಇಲಿಗೂಡು ಎಂದುಕೊಂಡೆ. ಬಿಚ್ಚಿದರೆ ಬೆಳ್ಳಿಯ ಕರಡಿಗೆ. ತೆರೆದೆ. ಅಪ್ಪನ ಲಿಂಗ, ಮೇಲೆ ಒಣಗಿದ ವಿಭೂತಿ. ಮುಚ್ಚಳದ ಅಂಚಿನ ತಗ್ಗು ನನಗೆ ಗೊತ್ತು, ಚಿಕ್ಕವಳಿದ್ದಾಗ ಅವನ ಎದೆಯ ಮೇಲೆ ಮಲಗಿ ಅದನ್ನು ಹಲ್ಲಿನಿಂದ ಕಚ್ಚುತ್ತಿದ್ದೆ.

ಹೊಳೆಯಲ್ಲಿ ಹೆಣ ಸಿಕ್ಕಾಗ ಅಪ್ಪನ ಎದೆಯ ಮೇಲೆ ಲಿಂಗ ಇರಲಿಲ್ಲ, ಹೊಳೆ ಒಯ್ದಿದೆ ಎಂದರು. ಲಿಂಗವಿಲ್ಲದೆ ಮಣ್ಣಿನಲ್ಲಿ ಕೂಡಿಸುವುದು ಹೇಗೆ ಎಂದು ಹಿರಿಯರು ಗುಸುಗುಸು ಮಾಡಿದ್ದು, ಕೊನೆಗೆ ಮಠದ ಬಸಯ್ಯ ಅಜ್ಜಾರು ಬೇರೆಯದೊಂದು ತಂದು ಅವನ ಎಡಗೈಯಲ್ಲಿ ಇಟ್ಟದ್ದು ನನಗೆ ಮಸುಕಾಗಿ ನೆನಪಿದೆ. ಹೊಳೆ ಒಯ್ದಿರಲಿಲ್ಲ ಅಣ್ಣಾ. ಅದು ಇಲ್ಲೇ ಇತ್ತು. ಹನ್ನೆರಡು ವರ್ಷ ಅವ್ವ ಇದರ ಪಕ್ಕದಲ್ಲೇ ಕುಳ್ಳು ತಟ್ಟಿದ್ದಾಳೆ.

ಶಿವದಾರ ಹರಿದಿಲ್ಲ. ಗಂಟು ಹಾಗೇ ಇದೆ. ಯಾರೋ ತಲೆಯ ಮೇಲಿನಿಂದ ತೆಗೆದು, ದಾರವನ್ನು ಕರಡಿಗೆಗೆ ಸುತ್ತಿ, ಕರ್ಚೀಫಿನಲ್ಲಿ ಕಟ್ಟಿ ಇಟ್ಟಿದ್ದಾರೆ. ಸ್ನಾನದಲ್ಲೂ ತೆಗೆಯದವನು ಅದನ್ನು ತೆಗೆದಿಟ್ಟು ನೀರಿಗೆ ಇಳಿದ ಎಂದರೆ ಏನರ್ಥ ಎಂದು ನಾನು ಬರೆಯುವುದಿಲ್ಲ.

ಅವ್ವನಿಗೆ ಹೇಳಿಲ್ಲ. ಅಕ್ಕಿಯ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಗಾಡಿಯ ಹತ್ತಿರ ಹೋಗಿಲ್ಲ. ಅಂಗಾಲಿಗೆ ನೋವು ಎಂದು ಸುಳ್ಳು ಹೇಳಿದೆ. ಏನು ಮಾಡಲಿ, ಬೇಗ ಬರೆ.

ಬನೂ


ಹುಬ್ಬಳ್ಳಿ
19 ನವೆಂಬರ್ 1979

ಬನೂ,

ಹೇಳಬೇಡ. ಎಲ್ಲಿತ್ತೋ ಅಲ್ಲೇ ಇಟ್ಟು ಗಾಜು ಮುಚ್ಚು.

ನಾನು ಆ ದಿನವೇ ನೋಡಿದ್ದೆ. ಬಲೆಗಾರರು ದಂಡೆಗೆ ತಂದು ಮಲಗಿಸಿದಾಗ ಕುತ್ತಿಗೆ ತೊಳೆದವನು ನಾನು. ದಾರವನ್ನು ನೀರು ಹರಿದೊಯ್ದಿದ್ದರೆ ಚರ್ಮದ ಮೇಲೆ ಗೆರೆ ಬೀಳುತ್ತದೆ. ಗೆರೆ ಇರಲಿಲ್ಲ. ಗಾಡಿ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು, ಪೆಟ್ರೋಲಿನ ಕೀಲಿ ಬಂದ್ ಆಗಿತ್ತು. ಯಾವುದರಲ್ಲೂ ಅವಸರ ಇರಲಿಲ್ಲ. ಜನ ಕಾಲು ಜಾರಿತು ಎಂದರು, ನಾನು ಹೌದು ಎಂದೆ. ಅವ್ವನ ಎದುರು ದಿನಾ ಕೂತು ಉಣ್ಣುತ್ತಾ ಹೌದು ಅನ್ನುವುದು ನನ್ನಿಂದ ಆಗಲಿಲ್ಲ. ಹುಬ್ಬಳ್ಳಿಗೆ ಬಂದೆ. ಇಷ್ಟೇ ಕಾರಣ. ನೀನು ಬೇರೇನೋ ಅಂದುಕೊಂಡಿರಬಹುದು.

ಆ ವರ್ಷ ಒಂದು ಊರಿನಲ್ಲಿ ಒಬ್ಬ ತಾಯಿ ಅವನ ಕಾಲು ಹಿಡಿದಿದ್ದಳು, ಕೂಸಿಗೆ ಈಗಷ್ಟೇ ಜ್ವರ ಬಿಟ್ಟಿದೆ, ಚುಚ್ಚಬೇಡಿ ಎಂದು. ಅವನು ಕರಗಿ ಬಿಟ್ಟು ಬಂದ. ಮತ್ತೆ ಹೋಗುವಷ್ಟರಲ್ಲಿ ಮೈಲಿ ಬಂದು ಕೂಸು ತೀರಿಹೋಗಿತ್ತು. ಆಮೇಲೆ ಅವನು ಉಣ್ಣುವಾಗ ತಾಟು ನೋಡುತ್ತಾ ಕೂಡುತ್ತಿದ್ದ. ನೀನು ಸಣ್ಣವಳು. ಸಾವಿರ ಮಕ್ಕಳು ಉಳಿದದ್ದು ಅವನಿಗೆ ಕಾಣಲಿಲ್ಲ. ನಾವಿಬ್ಬರೂ ಕಾಣಲಿಲ್ಲ. ಅದನ್ನು ನಾನು ಇನ್ನೂ ಮನ್ನಿಸಿಲ್ಲ.

ಅವ್ವ ಅವನು ಬರುತ್ತಾನೆ ಎಂದಾದರೂ ಕಾಯಲಿ. ಬಿಟ್ಟು ಹೋದ ಎಂದು ತಿಳಿಯುವುದು ಬೇಡ.

ಅಮಾತೆಪ್ಪ


ಹುನಗುಂದ
8 ಡಿಸೆಂಬರ್ 1979

ಅಣ್ಣಾ,

ನಿನ್ನ ಪತ್ರ ಬಂದ ದಿನವೇ ಅದನ್ನು ಮತ್ತೆ ದೀಪದೊಳಗೆ ಇಡಲು ಹೋದೆ. ಅಕ್ಕಿ ಡಬ್ಬಿಯ ಹಿಂದೆ ಇರಲಿಲ್ಲ. ಅವ್ವ ದೇವರ ಜಗುಲಿಯ ಮುಂದೆ ಕೂತಿದ್ದಳು. ಕರಡಿಗೆ ಅವಳ ಮಡಿಲಲ್ಲಿತ್ತು.

ನಾನು ಅಳಲು ಶುರು ಮಾಡಿದೆ. ಅವಳು ಅಳಲಿಲ್ಲ. ನಾನು ಏನೇನೋ ಸುಳ್ಳು ಕೂಡಿಸಲು ನೋಡಿದೆ, ದಾರ ಸಡಿಲಾಗಿರಬೇಕು, ಬೀಳಬಾರದೆಂದು ಒಳಗಿಟ್ಟಿರಬೇಕು ಎಂದೆ. ಅವಳು ಕೇಳುವಷ್ಟು ಕೇಳಿ ನನ್ನ ಕೈ ಹಿಡಿದು ಕೂಡಿಸಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಸುಮ್ಮನಾಗ ಬನವ್ವಾ. ಅವರು ತಾವಾಗಿ ಹ್ವಾದ್ರಂತ ನನಗ ಅವತ್ತ ಗೊತ್ತಿತ್ತು. ಮುಂಜಾನಿ ಹೋಗುವಾಗ ನಿನ್ನ ಮುಖಾ ನೋಡಿದ್ರು, ಮಲಗಿದ್ದಿ, ಎಬ್ಬಸಲಿಲ್ಲ. ನಿಮ್ಮಣ್ಣಗ ಗೊತ್ತಾಗಬಾರದಂತ ನಾ ಬಾಯಿ ಮುಚಗೊಂಡ ಕುಂತೆ. ಅವಗೂ ಗೊತ್ತೈತೇನು?"

ನಾನು ಹೌದೆಂದು ತಲೆಯಾಡಿಸಿದೆ. ಹಂಗಾರ ಹುಡುಗ ಇದಕ್ಕ ಬರವಲ್ಲ ಅಂದಳು, ತನ್ನಷ್ಟಕ್ಕೆ.

ಆಗ ಕೇಳಿದೆ. ಗೊತ್ತಿದ್ದೂ ಯಾಕೆ ಇಷ್ಟು ವರ್ಷ ಅಪ್ಪನ ದಾರಿ ಕಾದೆ, ಅವನು ಬರಲೆಂದು ಗಾಡಿ ಯಾಕೆ ರಿಪೇರಿ ಮಾಡಿಸಿದೆ ಎಂದು.

ಅವಳು ನನ್ನನ್ನು ತಿಳಿಯದ ಹುಡುಗಿಯನ್ನು ನೋಡಿದಂತೆ ನೋಡಿದಳು. "ಬರ್ಲಿ ಅಂತ ಯಾರ ಹೇಳಿದ್ರು ನಿನಗ? ಹೋಗ್ಲಿ ಅಂತ. ಹನ್ನೆರಡು ವರ್ಷಾತು, ಒದ್ದೂ ಒದ್ದೂ ಕಾಲ ಸೋತಾವು ಅವರವು. ಲಿಂಗಾ ಇಲ್ಲಿ ಬಿಟ್ಟ ಎಲ್ಲಿಗಿ ಹೋಗ್ತಾರ? ತಿರುಗಿ ತಿರುಗಿ ಇಲ್ಲೇ ಬರ್ತಾರ. ಗಾಡಿ ಹತ್ತವಲ್ದು."

ಬೀದಿಬಾಗಿಲು ತೆರೆದು ಗೋಡೆಗೆ ಒತ್ತಿ ನಿಂತದ್ದು ಒಳಗೆ ಬರುವವನಿಗಲ್ಲ ಅಣ್ಣಾ. ಹೊರಗೆ ಹೋಗುವವನಿಗೆ. ಅದು ನನಗೆ ಆಗ ತಿಳಿಯಿತು.

ಬಸಯ್ಯ ಅಜ್ಜಾರನ್ನು ಕರೆಸಿದೆವು. ಈಗ ತೀರಾ ಹಣ್ಣಾಗಿದ್ದಾರೆ. ಅಪ್ಪನ ಗದ್ದುಗೆಯ ಹತ್ತಿರ ಸಣ್ಣ ಕುಣಿ ತೋಡಿ ಇಟ್ಟುಬಿಡೋಣ ಎಂದು ನಾನು ಅಂದೆ. ಆಗುವುದಿಲ್ಲವಂತೆ. ತಾವು ಅಂದು ಕೈಯಲ್ಲಿಟ್ಟು ಕೂಡಿಸಿದ ಲಿಂಗ ಅಲ್ಲಿದೆ, ಒಬ್ಬನಿಗೆ ಎರಡು ಲಿಂಗ ಇಲ್ಲ, ಇದನ್ನು ಇನ್ನೊಬ್ಬರು ಧರಿಸುವಂತೆಯೂ ಇಲ್ಲ. ಅವಸರ ಮಾಡಿದ್ನೆವಾ, ಒಂದು ಸಲ ಗಾಡಿ ಹುಡುಕರಿ ಅನ್ನಬೇಕಿತ್ತು ಎಂದು ಅವ್ವನಿಗೆ ಕೈ ಮುಗಿದರು. ಅವ್ವ ಅವರ ಕೈ ಕೆಳಗಿಳಿಸಿದಳು. ಇದಕ್ಕೆ ಹರಿಯುವ ನೀರೊಂದೇ ಜಾಗ, ಮಗ ಬಿಡಬೇಕು ಎಂದು ಹೇಳಿ ಹೋದರು.

ಅವ್ವ ಆ ಹೊಳೆಗೇ ಹೋಗಬೇಕು ಅನ್ನುತ್ತಾಳೆ, ಆ ಗಾಡಿಯ ಮೇಲೆಯೇ. ನನಗೆ ಅದನ್ನು ಹಿತ್ತಲಿನಲ್ಲಿ ಚಾಲೂ ಮಾಡಲು ಬರುತ್ತದೆ, ಓಡಿಸಲು ಬರುವುದಿಲ್ಲ. ಅವಳಿಗೆ ಸುಳ್ಳು ಹೇಳುವ ಕೆಲಸ ಈಗ ನಿನಗೆ ಉಳಿದಿಲ್ಲ. ಬಾ.

ಬನಶಂಕರಿ


ಹುಬ್ಬಳ್ಳಿ
22 ಜನವರಿ 1980

ಬನೂ,

ನಾಲ್ಕು ದಿನ ಮನೆಯಲ್ಲಿದ್ದೂ ಹೊಳೆಯಲ್ಲಿ ಏನಾಯಿತು ಎಂದು ನಿನಗೆ ಹೇಳಲಿಲ್ಲ. ನೀನು ಕೇಳಲಿಲ್ಲ. ಅವ್ವ ಹೇಳಿರುವುದಿಲ್ಲ. ಆ ಗಾಡಿಯ ಮೇಲೆ ಇಬ್ಬರಿಗೇ ಜಾಗ, ನೀನು ಬಾಗಿಲಲ್ಲಿ ಉಳಿದೆ. ಆದ್ದರಿಂದ ಬರೆಯಬೇಕು.

ಹಗಲು ಹನ್ನೊಂದು ಗಂಟೆಗೂ ನಾನು ಹಾಕಿದ ಹೊಸ ಬಲ್ಬಿನ ಲೈಟು ಹಚ್ಚಿಕೊಂಡೇ ಹೋದದ್ದು ನೀನು ನೋಡಿದ್ದೀ. ಅಮೀನಗಡ ದಾಟುವವರೆಗೆ ಎದುರು ಬಂದ ಪ್ರತಿಯೊಬ್ಬ ಲಾರಿಯವನೂ ಕೈ ಮಾಡಿ ತೋರಿಸಿದ. ಅವ್ವ ಒಂದು ಕೈಯಿಂದ ನನ್ನ ಹೆಗಲು, ಇನ್ನೊಂದರಿಂದ ಮಡಿಲಿನ ಗಂಟು ಹಿಡಿದಿದ್ದಳು. ಅವನ ಹಿಂದೆ ಎಂದಾದರೂ ಕೂತಿದ್ದೆಯಾ ಎಂದು ಕೂಗಿ ಕೇಳಿದೆ. "ಸರಕಾರಿ ಗಾಡಿಮ್ಯಾಲ ಹೇಣ್ತೀನ ಕೂಡಸಾಂಗಿಲ್ಲ ಅಂತಿದ್ರು. ತಮ್ಮ ಪಗಾರದಾಗ ತೊಗೊಂಡಿದ್ದು. ಸುಳ್ಳ," ಅಂದಳು. ನಾನು ನಗುತ್ತಾ ಗಾಡಿ ಅಲ್ಲಾಡಿಸಿದೆ.

ಹೊಳೆ ಬೇಸಿಗೆಗೆ ಮೊದಲೇ ಇಳಿದಿತ್ತು. ಅವನು ಗಾಡಿ ನಿಲ್ಲಿಸಿದ್ದ ಜಾಗ ಅವಳೇ ಕೇಳಿದಳು, ತೋರಿಸಿದೆ, ಅಲ್ಲೇ ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಲು ಅವಳು ಬಿಡಲಿಲ್ಲ. ನಾನು ಮೊಣಕಾಲು ನೀರಿಗೆ ಇಳಿದೆ. ಬೈಯಬೇಕು ಎಂದು ಹನ್ನೆರಡು ವರ್ಷದಿಂದ ಇಟ್ಟುಕೊಂಡ ಮಾತುಗಳಿದ್ದವು. ಕರಡಿಗೆ ಬಹಳ ಹಗುರ ಇತ್ತು. ಬಿಟ್ಟೆ.

ತಿರುಗಿ ನೋಡಿದರೆ ಅವ್ವ ನೀರಿನ ಕಡೆ ನೋಡುತ್ತಿರಲಿಲ್ಲ. ಗಾಡಿಯ ಸೀಟಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು, ದೂರದೂರಿಗೆ ಹೊರಟವನ ಬೆನ್ನ ಮೇಲೆ ಇಡುತ್ತಾರಲ್ಲ ಹಾಗೆ. ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿಯೇ ನಿಂತುಹೋಯಿತು. ಪೆಟ್ರೋಲು ಇತ್ತು. ಪ್ಲಗ್ ಮಸಿ ಹಿಡಿದಿತ್ತು, ಒರೆಸಿ ಹಾಕಿದ ಮೇಲೆ ಒಂದೇ ಕಿಕ್ಕಿಗೆ ಚಾಲೂ ಆಯಿತು. ಫಿಟ್ಟರ್ ಆದ ನಾನು ಇಷ್ಟೇ ಹೇಳಬಲ್ಲೆ. ಅವ್ವ ಮಾತ್ರ, "ಹ್ವಾದ್ರು," ಅಂದಳು.

ವಾರಕ್ಕೊಮ್ಮೆ ಚಾಲೂ ಮಾಡಿ ಐದು ನಿಮಿಷ ಬಿಡು, ಇಲ್ಲದಿದ್ದರೆ ಮ್ಯಾಗ್ನೆಟೊ ಮತ್ತೆ ಹಸಿ ಹಿಡಿಯುತ್ತದೆ. ಯುಗಾದಿಗೆ ಬರುತ್ತೇನೆ.

ಅಮಾತೆಪ್ಪ


ಹುನಗುಂದ
2 ಮಾರ್ಚ್ 1980

ಅಣ್ಣಾ,

ನೀನು ಹೋದ ಮೇಲೆ ಅವ್ವನಿಗೆ ಸಪ್ಪಳ ಕೇಳಿಲ್ಲ. ಒಂದು ದಿನವೂ ಇಲ್ಲ. ಇದನ್ನು ಸಂತೋಷದಿಂದ ಬರೆಯಬೇಕೆಂದು ಕೂತೆ.

ಮೊದಲ ವಾರ ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಲಾಡಬಿ ಚಾಚಿಯ ಜೊತೆ ಬನಶಂಕರಿ ಗುಡಿಗೂ ಹೋಗಿ ಬಂದಳು. ಎರಡನೆಯ ವಾರದಿಂದ ದೀಪ ಹಚ್ಚುವ ಹೊತ್ತಿಗೆ ಕೆಲಸ ಬಿಟ್ಟು ಕೂಡುತ್ತಾಳೆ. ಕಿವಿ ಹಿತ್ತಲ ಕಡೆ. ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಒಮ್ಮೆ ನಾನು ರೇಡಿಯೋ ಹಚ್ಚಿದೆ, ಎದ್ದು ಬಂದು ಆರಿಸಿದಳು. ಇನ್ನೊಮ್ಮೆ, "ಮನಿ ಇಷ್ಟ ದೊಡ್ಡದೈತೇನವಾ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಇರುವುದು ಎರಡು ಅಂಕಣ. ಇಷ್ಟು ವರ್ಷ ನಾವಿಬ್ಬರೇ ಇದ್ದೆವು ಎಂದು ನಾನು ತಿಳಿದಿದ್ದೆ. ಅವಳಿಗೆ ಹಾಗಿರಲಿಲ್ಲ. ಈಗ ಇಬ್ಬರೇ.

ನೀನು ಹೇಳಿದ ಹಾಗೆ ಪ್ರತಿ ಸೋಮವಾರ ಗಾಡಿ ಚಾಲೂ ಮಾಡುತ್ತಿದ್ದೆ. ಓಣಿಯವರು ಈಗ ತೋಳು ಹಿಡಿದುಕೊಳ್ಳುವುದಿಲ್ಲ, ರೂಢಿಯಾಗಿದೆ. ಅವ್ವ ಮಾತ್ರ ಆ ಐದು ನಿಮಿಷ ಅಡಿಗೆಮನೆ ಬಿಟ್ಟು ಬರುವುದಿಲ್ಲ.

ಕಳೆದ ಸೋಮವಾರ ಕಿಕ್ ಹೊಡೆದೆ. ಕಾಲು ಸುಮ್ಮನೆ ಕೆಳಗೆ ಹೋಯಿತು, ಒಳಗೆ ಹಿಡಿತವೇ ಇಲ್ಲ. ಮತ್ತೆ ಹೊಡೆದೆ, ಸುಮ್ಮನಾದೆ, ಮತ್ತೆ ಹೊಡೆದೆ. ಆಮೇಲೆ ಬಗ್ಗಿ ನೋಡಿದೆ. ಪ್ಲಗ್ ಇರಲಿಲ್ಲ. ಕಳ್ಳರು ಒಯ್ದಿಲ್ಲ ಅಣ್ಣಾ. ತೂತಿನೊಳಗೆ ಧೂಳು ಹೋಗದಂತೆ ಹಳೆಯ ಸೀರೆಯ ತುಂಡಿನ ಉಂಡೆ ಇತ್ತು. ಒರೆಸಿದ ಪಾನಾ ಅದರ ಜಾಗದಲ್ಲೇ ಇತ್ತು. ಬಾವಿಯ ಕಟ್ಟೆಯ ಮೇಲೆ ಕೂತು ಅಷ್ಟು ತಿಂಗಳು ಅವಳು ನನ್ನ ಕೈ ನೋಡಿದ್ದು ವ್ಯರ್ಥವಾಗಿರಲಿಲ್ಲ.

ಒಳಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಲಗೈಯ ಎರಡು ಬೆರಳ ತುದಿ ಮಸಿಯಿಂದ ಕರ್ರಗಿದ್ದವು. ಎಷ್ಟು ತೊಳೆದರೂ ಬೇಗ ಹೋಗದ ಮಸಿ ಅದು, ನನಗೆ ಗೊತ್ತು. ಹಿಟ್ಟಿನ ಮೇಲೆ ಗುರುತು ಬೀಳುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಕೈ ಮಾತ್ರ ಒಂದು ಗಳಿಗೆ ನಿಂತಿತು, ನಾನು ಕೇಳುತ್ತೇನೆಯೋ ಎಂದು ಕಾಯುವ ಹಾಗೆ. ನಾನು ತಾಟು ತೆಗೆದುಕೊಂಡು ಎದುರಿಗೆ ಕೂತೆ. ಅದೇ ರೊಟ್ಟಿ ಹಾಕಿದಳು, ತಿಂದೆ.

ಆ ಸಂಜೆ ಅವಳು ದೀಪ ಹಚ್ಚಿ ಹಿತ್ತಲ ಬಾಗಿಲಲ್ಲಿ ಕೂತಳು. ಬಹಳ ಹೊತ್ತಾದ ಮೇಲೆ, ಕಾಯುತ್ತಿದ್ದ ಸಪ್ಪಳ ಕೇಳಿದವಳ ಹಾಗೆ, ಅವಳ ಭುಜ ಸಡಿಲಾದದ್ದನ್ನು ನಾನು ನೋಡಿದೆ. ಆಮೇಲೆ ಎದ್ದು ಒಳಗೆ ಬಂದು ಹಾಸಿಗೆ ಹಾಸಿದಳು.

ಅಣ್ಣಾ, ಯುಗಾದಿಗೆ ಖಂಡಿತ ಬಾ. ಬರುವಾಗ ಹೊಸ ಪ್ಲಗ್ ತರಬೇಡ.

ಬನಶಂಕರಿ